ಹಸಿರು ಕಾಣದವನ ಭೂಗೋಳ

ಭದ್ರಾವತಿಗೆ ಬಂದ ಮೊದಲ ದಿನ ನಮ್ಮ ಅವ್ವ ನಲ್ಲಿಯ ಮುಂದೆ ನಿಂತು ಅತ್ತಳು. ರೋಣದಿಂದ ಹೊತ್ತು ತಂದಿದ್ದ ಕೊಡ, ತಪ್ಪೇಲಿ, ಚರಿಗೆ, ಕೊನೆಗೆ ಹಿಟ್ಟು ನಾದುವ ಪರಾತದವರೆಗೆ ಎಲ್ಲವನ್ನೂ ತುಂಬಿಸಿ ಸಾಲಾಗಿ ಇಟ್ಟಿದ್ದಳು. ತುಂಬಲು ಇನ್ನೊಂದು ಪಾತ್ರೆ ಉಳಿದಿರಲಿಲ್ಲ. ನೀರು ಮಾತ್ರ ಬರುತ್ತಲೇ ಇತ್ತು. ನಲ್ಲಿ ತಿರುಗಿಸಿದರೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಿಲ್ಲಿಸಲು ಕೈ ಬರಲಿಲ್ಲ. ನಿಂತ ನೀರು ನಾಳೆ ಮತ್ತೆ ಬಂದೀತು ಎಂಬ ನಂಬಿಕೆ ನಮ್ಮ ಕಡೆಯವರಿಗೆ ಎಲ್ಲಿಂದ ಬರಬೇಕು?

ಪಕ್ಕದ ಮನೆಯ ಪೊನ್ನಮ್ಮ ಬಂದು ನಲ್ಲಿ ನಿಲ್ಲಿಸಿದರು. ಸೇಲಂ ಕಡೆಯಿಂದ ಬಂದು ಹತ್ತು ವರ್ಷವಾಗಿದ್ದ ತಮಿಳು ಹೆಂಗಸು. "ಬಿಡು ಮಾರಾಯ್ತಿ, ನಾಳೆನೂ ಬರತ್ತೆ, ನಾಡಿದ್ದೂ ಬರತ್ತೆ" ಎಂದು ನಕ್ಕರು. ಅವ್ವ ಒಳಗೆ ಬಂದವಳೇ, "ನೋಡ, ಬಂದ ದಿನಾನ ಆಕಿ ನನಗ ಮಾರಿ ಅಂದ್ಲು" ಎಂದು ಇನ್ನಷ್ಟು ಅತ್ತಳು. ಇಲ್ಲಿ ಗಂಡಸಿಗೆ ಮಾರಾಯ, ಹೆಂಗಸಿಗೆ ಮಾರಾಯ್ತಿ. ಅದು ಬೈಗುಳವಲ್ಲ, ಸಲಿಗೆಯ ಮಾತು, ನಮ್ಮ ಕಡೆ 'ಯವ್ವಾ', 'ತಮ್ಮಾ' ಅಂದ ಹಾಗೆ. ಇದು ತಿಳಿಯಲು ನಮಗೆ ಒಂದು ತಿಂಗಳು ಬೇಕಾಯಿತು.

ರಾಜ್ಯ ಒಂದಾದ ಮರುವರ್ಷ ಅದು. ಅಪ್ಪ ಗದಗಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದರು. ಎರಡು ಕೋಣೆಯ ಮನೆ ಸಿಕ್ಕಿತು. ಸೈರನ್ ಕೂಗಿದಾಗ ಇಡೀ ಬೀದಿ ಎದ್ದು ಬುತ್ತಿ ಹಿಡಿದು ಹೊರಡುತ್ತಿತ್ತು. ಒಣಗಲು ಹಾಕಿದ ಧೋತರದ ಮೇಲೆ ಸಂಜೆಯೊಳಗೆ ಕರಿ ಪುಡಿ ಕೂರುತ್ತಿತ್ತು. ಜೋಳ ಸಿಗುತ್ತಿತ್ತು, ಆದರೆ ಕೊಳ್ಳಲು ಹೋದರೆ ಇಲ್ಲಿಯವರು "ದನಕ್ಕಾ?" ಎಂದು ಕೇಳುತ್ತಿದ್ದರು. ಅವ್ವ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆದರೂ ಸಪ್ಪಳ ಕೇಳಿ ಪೊನ್ನಮ್ಮ ಬಂದು ಎರಡು ರೊಟ್ಟಿ ಇಸಿದುಕೊಂಡು ಹೋಗುತ್ತಿದ್ದರು. ಅದು ನಮ್ಮ ಮೊದಲ ಗೆಲುವು.

ನನಗೆ ಆಗ ಹದಿನಾಲ್ಕು. ಶಾಲೆಯಲ್ಲಿ ನಾನು "ಹೌದ್ರಿ" ಎಂದರೆ ಹಿಂದಿನ ಬೆಂಚಿನಿಂದ ನಾಲ್ಕು "ಹೌದ್ರಿ" ಬರುತ್ತಿದ್ದವು. ಹೀಗಾಗಿ ಬಾಯಿ ಬಿಡುವುದನ್ನೇ ಬಿಟ್ಟಿದ್ದೆ. ಮತ್ತೆ ಬಾಯಿ ಬಿಡಿಸಿದವರು ಭೂಗೋಳದ ಹಾಲೇಶಪ್ಪ ಮೇಷ್ಟ್ರು. ಶಿವಮೊಗ್ಗದ ಕೋಟೆಯಲ್ಲಿ ಅವರ ಮನೆ. ದಿನಾ ರೈಲಿನಲ್ಲಿ ಬರುತ್ತಿದ್ದರು. ಒಂದು ದಿನ ಕರಿಮಣ್ಣಿನ ಪಾಠ. "ಬೇಸಿಗೆಯಲ್ಲಿ ಈ ಮಣ್ಣು ಏನಾಗುತ್ತೆ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಕೆಂಪು ಮಣ್ಣಿನ ಮಕ್ಕಳು. ನಾನು ಎದ್ದು ನಿಂತೆ. "ಬಿರಿತದ್ರಿ ಸಾರ್. ಬಿರುಕಿನಾಗ ಮೊಣಕೈತನ ಕೈ ಹೋಗ್ತದ. ನಮ್ಮ ಕರು ಕಾಲು ಸಿಗಿಸಿಕೊಂಡಿತ್ರಿ." ಅಂದು ಯಾರೂ ನಗಲಿಲ್ಲ. ಮೇಷ್ಟ್ರು ನನ್ನನ್ನು ಹಲಗೆಯ ಹತ್ತಿರ ಕರೆದು ಬಿರುಕಿನ ಚಿತ್ರ ಬರೆಸಿದರು. "ನೀನು ಭೂಗೋಳನೇ ಓದ್ಬೇಕು ಕಣೋ. ನಿನ್ನ ಊರು ನಿನಗೆ ಪಾಠ ಮಾಡಿ ಕಳಿಸಿದೆ" ಎಂದರು. ಅಂದಿನಿಂದ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಹತ್ತನೆಯ ತರಗತಿಯಲ್ಲಿ ಅವರು ನಮ್ಮನ್ನು ತುಂಗೆ ಭದ್ರೆ ಕೂಡುವ ಕೂಡ್ಲಿಗೆ ಕರೆದುಕೊಂಡು ಹೋದರು. "ನೋಡ್ರೋ, ಈ ಕಡೆ ತುಂಗೆ, ಹಸಿರು. ಆ ಕಡೆ ಭದ್ರೆ. ಮೇಲೆ ಮಳೆಯಾಗಿದೆ, ಕೆಂಪಗೆ ಬಂದಿದಾಳೆ. ನಡುವೆ ಗೆರೆ ಎಳೆದ ಹಾಗಿದೆ ನೋಡಿ." ಹುಡುಗರೆಲ್ಲ ಹೋ ಎಂದು ಕೂಗಿದರು. ನನಗೆ ಒಂದೇ ನೀರು ಕಾಣುತ್ತಿತ್ತು. ಗೆರೆ ಎಂದರೆ ಭಕ್ತಿಯಿಂದ ಹೇಳುವ ಮಾತೇನೋ ಅಂದುಕೊಂಡು ನಾನೂ ತಲೆಯಾಡಿಸಿದೆ.

ಪಿಯುಸಿಗೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿದೆ. ಮಲವಗೊಪ್ಪ ದಾಟುವಾಗ ಗದ್ದೆಗಳನ್ನು ನೋಡಿ ಊರಿನಿಂದ ಬಂದ ನೆಂಟರೆಲ್ಲ "ಎಂಥಾ ಹಸರೋ ತಮ್ಮಾ, ಕಣ್ಣು ತಂಪಾತು" ಅನ್ನುತ್ತಿದ್ದರು. ನನ್ನ ಕಣ್ಣು ಯಾಕೆ ತಂಪಾಗುವುದಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಊರಿನ ನೆನಪು ಇನ್ನೂ ಹೋಗಿಲ್ಲ, ಅದಕ್ಕೇ ಈ ನೆಲದ ಚೆಲುವು ಹಿಡಿಸುತ್ತಿಲ್ಲ ಎಂದುಕೊಂಡೆ.

ಪರೀಕ್ಷೆ ಮುಗಿದ ಮೇಲೆ ಪದವಿಯ ಪ್ರಶ್ನೆ ಬಂತು. ಭೂಗೋಳವನ್ನೇ ಮುಖ್ಯವಾಗಿ ಓದಬೇಕೆಂದರೆ ಊರು ಬಿಡಲೇಬೇಕಿತ್ತು. ಮೇಷ್ಟ್ರು ಎರಡು ಕಡೆಯಿಂದ ಪ್ರಾಸ್ಪೆಕ್ಟಸ್ ತರಿಸಿದ್ದರು: ಮೈಸೂರು, ಧಾರವಾಡ. ಅವರು ಓದಿದ್ದು ಮೈಸೂರಿನಲ್ಲಿ. ಅಲ್ಲಿಯ ಭೂಪಟಗಳ ಕೋಣೆ, ಬೆಟ್ಟದ ಮೇಲೆ ನಿಂತು ನಕ್ಷೆ ಬರೆದದ್ದು, ಎಲ್ಲ ಹೇಳಿ ಹೇಳಿ ನನ್ನ ಮನಸ್ಸೂ ಅಲ್ಲೇ ನೆಟ್ಟಿತ್ತು. ಅವ್ವನಿಗೆ ಧಾರವಾಡವೇ ಆಗಬೇಕು, ಮಾತುಕತೆ ಅಷ್ಟಕ್ಕಷ್ಟೇ ಆಗಿದ್ದರೂ ಅವಳ ಅಣ್ಣ ಶಿವಪ್ಪ ಮಾವ ಅಲ್ಲಿ ಕೋರ್ಟಿನ ಗುಮಾಸ್ತ. ಅಪ್ಪ ಮಾತ್ರ, "ಬಿಟ್ಟು ಬಂದ ಸೀಮಿಗೆ ಮತ್ತ ಯಾಕ ಹೊಳ್ಳೂದು?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಕಾರ್ಖಾನೆ ಸೇರಲಿ ಎಂಬುದೇ ಅವರ ಆಸೆ.

ಮೇ ತಿಂಗಳ ಒಂದು ಭಾನುವಾರ ಮೇಷ್ಟ್ರು ನನ್ನನ್ನು ಮನೆಗೆ ಕರೆದರು. ಜಗಲಿಯ ಮೇಲೆ ಕೂರಿಸಿ ಭಾರತದ ಖಾಲಿ ನಕ್ಷೆಯನ್ನೂ ಒಂದು ಬಣ್ಣದ ಪೆನ್ಸಿಲ್ ಡಬ್ಬವನ್ನೂ ಕೊಟ್ಟರು. "ಬಯಲಿಗೆ ಹಸಿರು, ಎತ್ತರಕ್ಕೆ ಕಂದು. ಪ್ರಾಕ್ಟಿಕಲ್‌ನಲ್ಲಿ ಮೊದಲು ಮಾಡಿಸೋದೇ ಇದು. ಕೈ ಕೂರಲಿ." ನಾನು ಅದುವರೆಗೆ ಸೀಸದ ಪೆನ್ಸಿಲಿನಲ್ಲಿ ಮಾತ್ರ ನಕ್ಷೆ ಬರೆದವನು. ನಮ್ಮ ಪುಸ್ತಕದ ನಕ್ಷೆಗಳೂ ಕಪ್ಪು ಮಸಿಯವೇ. ಗಂಟೆಗಟ್ಟಲೆ ಕೂತು, ಗೆರೆ ಆಚೀಚೆ ಹೋಗದಂತೆ ತುಂಬಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡಿರಲಿಲ್ಲ.

ಮೇಷ್ಟ್ರು ಬಂದು ನೋಡಿ ನಕ್ಕರು. "ಏನೋ ಇದು ಬಸಲಿಂಗ? ಗಂಗಾ ಬಯಲನ್ನೆಲ್ಲ ಬೆಟ್ಟ ಮಾಡಿದೀಯಲ್ಲೋ. ಹಿಮಾಲಯದಲ್ಲಿ ಭತ್ತ ಬೆಳೀತೀಯಾ?"

"ಇಲ್ರಿ ಸಾರ್. ಬಯಲಿಗೆ ಹಸಿರೇ ಹಚ್ಚೀನಲ್ರಿ."

ಅವರ ನಗು ನಿಂತಿತು. "ಹಸಿರು ಪೆನ್ಸಿಲ್ ಕೊಡು." ಕೊಟ್ಟೆ. "ಸರಿಯಾಗಿ ನೋಡಿ ಕೊಡು." ಇನ್ನೊಂದು ಕೊಟ್ಟೆ. ಅವರು ಒಳಗೆ ಹೋಗಿ ಹೆಂಡತಿಯ ಕಸೂತಿ ದಾರದ ಬುಟ್ಟಿ ತಂದು ನನ್ನ ಮುಂದೆ ಸುರಿದರು. "ಹಸಿರೆಲ್ಲ ಒಂದು ಕಡೆ ಹಾಕು." ಹಾಕಿದೆ. ಕಾಫಿ ತಂದ ಅವರ ಹೆಂಡತಿ ನನ್ನ ಗುಡ್ಡೆಯನ್ನು ನೋಡಿ, ಲೋಟ ಕೆಳಗಿಟ್ಟು ಒಳಗೆ ಹೋದರು. ನಾನು ಏನು ತಪ್ಪು ಮಾಡಿದೆ ಎಂದು ಆ ದಾರಗಳನ್ನು ಮತ್ತೆ ಮತ್ತೆ ನೋಡಿದೆ. ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಮರುದಿನ ಮೇಷ್ಟ್ರೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಚುಕ್ಕೆಗಳ ಪುಸ್ತಕ ತೋರಿಸಿ ಅಂಕಿ ಓದಲು ಹೇಳಿದರು. ಹಲವು ಪುಟಗಳಲ್ಲಿ ಅಂಕಿಯೇ ಇರಲಿಲ್ಲ. ನನಗೆ ಇರಲಿಲ್ಲ, ಅವರಿಗೆ ಇತ್ತು. "ಹಸಿರು, ಕೆಂಪು, ಕಂದು ಇವನಿಗೆ ಬೇರೆ ಬೇರೆ ಕಾಣಲ್ಲ. ಹುಟ್ಟಿನಿಂದ ಬಂದಿದ್ದು. ತಾಯಿ ಕಡೆಯಿಂದ ಬರುತ್ತೆ" ಎಂದರು.

"ಔಷಧಿ?" ಎಂದರು ಮೇಷ್ಟ್ರು.

"ಇಲ್ಲ. ಕನ್ನಡಕನೂ ಇಲ್ಲ. ರೈಲು ಓಡಿಸೋ ಕೆಲಸಕ್ಕೆ ಹೋಗೋದು ಬೇಡ, ಅಷ್ಟೆ."

"ಭೂಗೋಳ ಓದಬೇಕು ಅಂತಿದಾನೆ."

ಡಾಕ್ಟರು ಪುಸ್ತಕ ಮುಚ್ಚಿದರು. "ಬಣ್ಣ ಕೇಳದ ಭೂಗೋಳ ಎಲ್ಲಾದ್ರೂ ಇದ್ರೆ ಓದಲಿ."

ಮನೆಯಲ್ಲಿ ವಿಷಯ ಹೇಳಿದಾಗ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಹಂಗಾರ ನಮ್ಮಣ್ಣಗೂ ಇದ ಇತ್ತು" ಎಂದಳು. ಅವಳ ಮದುವೆಗೆ ಹಸಿರು ಸೀರೆ ತರಲು ಶಿವಪ್ಪ ಮಾವನನ್ನು ಹುಬ್ಬಳ್ಳಿಗೆ ಕಳಿಸಿದ್ದರಂತೆ. ಅವನು ಕಂದು ಸೀರೆ ತಂದು, ಹಸಿರು ಎಂದೇ ಎಲ್ಲರ ಮುಂದೆ ಹರವಿದನಂತೆ. ಬೀಗರು ನಕ್ಕರು. ಅವ್ವ ವರ್ಷಗಟ್ಟಲೆ ಅಣ್ಣನ ಸಂಗಡ ಸರಿಯಾಗಿ ಮಾತಾಡಿರಲಿಲ್ಲ. "ಬೇಕಂತ ತಂದಾನ ಅಂದ್ಕೊಂಡಿದ್ನೆಪಾ. ಪಾಪ, ಅವಗ ಕಂಡೇ ಇರಲಿಲ್ಲ." ಅವಳು ಅತ್ತದ್ದು ನನಗಾಗಿಯೋ ಅಣ್ಣನಿಗಾಗಿಯೋ ನನಗೆ ತಿಳಿಯಲಿಲ್ಲ.

ಅಪ್ಪ ಕಾರ್ಖಾನೆಯ ಆಸೆಯನ್ನೂ ಅಂದೇ ಬಿಟ್ಟರು. ಕುಲುಮೆಯ ಹತ್ತಿರ ಕೆಲಸ ಮಾಡುವವನು ಕಬ್ಬಿಣ ಎಷ್ಟು ಕಾದಿದೆ ಎಂಬುದನ್ನು ಅದರ ಬಣ್ಣ ನೋಡಿಯೇ ತಿಳಿಯಬೇಕು. "ಅಲ್ಲೂ ಬಣ್ಣನ" ಎಂದರು, ಅಷ್ಟೇ.

ಹಾಲೇಶಪ್ಪ ಮೇಷ್ಟ್ರು ಸೋಲಲು ಒಪ್ಪಲಿಲ್ಲ. ಎರಡೂ ಊರಿನ ಕಾಲೇಜಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಮುಚ್ಚಿಡೋಣವೇ ಎಂದು ನಾನು ಕೇಳಿದ್ದಕ್ಕೆ, "ನಕ್ಷೆ ಓದೋನು ಸುಳ್ಳು ಹೇಳಬಾರದು ಮಾರಾಯ" ಎಂದು ಗದರಿಸಿದರು. ಎರಡೂ ಕಡೆಯಿಂದ ಉತ್ತರ ಬಂತು. ಎರಡರಲ್ಲೂ ಒಂದೇ ಮಾತು, ಒಂದೇ ಮರ್ಯಾದೆ: ಹುಡುಗನನ್ನು ಸೇರಿಸಿಕೊಳ್ಳಲು ಅಡ್ಡಿಯಿಲ್ಲ, ಪ್ರಾಕ್ಟಿಕಲ್‌ನಿಂದ ವಿನಾಯಿತಿ ಕೊಡಲು ಬರುವುದಿಲ್ಲ, ಇತಿಹಾಸ ತೆಗೆದುಕೊಂಡರೆ ಒಳ್ಳೆಯದು. ಒಬ್ಬರಾದರೂ ಬೇಡ ಎಂದಿದ್ದರೆ, ಅಥವಾ ಒಬ್ಬರಾದರೂ ಹೆದರಬೇಡ ಬಾ ಎಂದಿದ್ದರೆ, ಆರಿಸುವುದು ಸುಲಭವಾಗುತ್ತಿತ್ತು. ಅಷ್ಟು ದಿನ ಪ್ರಾಸ್ಪೆಕ್ಟಸ್ ತಿರುವಿ ಹಾಕಿ, ಯಾವ ಕಡೆ ಯಾವ ಪಾಠ, ಯಾವ ಲೈಬ್ರರಿ ಎಂದು ಲೆಕ್ಕ ಹಾಕಿದ್ದೆಲ್ಲ ವ್ಯರ್ಥವಾಯಿತು.

"ಧಾರವಾಡಕ್ಕ ಹೋಗು" ಎಂದಳು ಅವ್ವ. "ಅಲ್ಲೆ ನಮ್ಮಣ್ಣ ಅದಾನ. ಕಾಣದ ಕಣ್ಣು ಇಟ್ಕೊಂಡು ಹೆಂಗ ಬಾಳೇವು ಮಾಡಬೇಕು ಅನ್ನೂದು ಅವಗ ಗೊತ್ತದ." ಮೇಷ್ಟ್ರು ತಮ್ಮ ಮೈಸೂರನ್ನು ಬಿಟ್ಟುಕೊಟ್ಟು, "ಅಮ್ಮ ಹೇಳಿದ್ದೇ ಸರಿ" ಎಂದರು. ನಾನು ಧಾರವಾಡವನ್ನು ಆರಿಸಿದೆ ಎಂದು ಈಗಲೂ ಹೇಳಲಾರೆ. ಬೇರೆ ಏನೂ ತೋಚದೆ ಹೋದೆ.

ಹೊರಡುವ ಮುನ್ನಾದಿನ ಅಪ್ಪ ಕೆಲಸದಿಂದ ಬಂದವರು ಕೈಕಾಲು ತೊಳೆಯದೆ ಮೇಷ್ಟ್ರು ಕೊಟ್ಟಿದ್ದ ಬಣ್ಣದ ಪೆನ್ಸಿಲ್ ಡಬ್ಬ ಕೇಳಿದರು. ಪೊನ್ನಮ್ಮನನ್ನು ಕರೆದು ಒಂದೊಂದರ ಬಣ್ಣ ಹೇಳಿಸಿಕೊಂಡು, ಸಣ್ಣ ಅರದಿಂದ ಪ್ರತಿ ಪೆನ್ಸಿಲಿನ ತುದಿಗೂ ಗೀರು ಹಾಕಿದರು. ಹಸಿರಿಗೆ ಒಂದು, ಕೆಂಪಿಗೆ ಎರಡು, ಕಂದಿಗೆ ಮೂರು. ನನ್ನ ಬೆರಳನ್ನು ಅದರ ಮೇಲೆ ಇಟ್ಟು, "ಕಣ್ಣು ಮುಚ್ಚಿ ಹೇಳು" ಎಂದರು. ಹೇಳಿದೆ. ತಪ್ಪಲಿಲ್ಲ. ಓದಿನ ವಿಷಯವಾಗಿ ಅವರು ನನಗೆ ಮಾಡಿದ ಪಾಠ ಅದೊಂದೇ.

ಇತಿಹಾಸ ಬಿಟ್ಟು ಭೂಗೋಳವನ್ನೇ ತೆಗೆದುಕೊಂಡು, ಶಿವಪ್ಪ ಮಾವನ ಮನೆಯಲ್ಲಿ ಮೂರು ವರ್ಷ ಇದ್ದೆ. ಆ ಮನೆಯಲ್ಲಿ ಹಣ್ಣು ಕೊಳ್ಳಲು ನಮ್ಮಿಬ್ಬರನ್ನೂ ಯಾರೂ ಕಳಿಸುತ್ತಿರಲಿಲ್ಲ. "ಅಳಿಯಾ, ಈ ಮಾವಿನಹಣ್ಣು ಹೆಂಗದ?" ಎಂದು ಮಾವ ಕೇಳಿದರೆ, ನಾನು ಮೂಸಿ ನೋಡಿ ಉತ್ತರ ಹೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಹಳೆಯ ಸೀರೆಯ ಸಂಗತಿ ನಾನು ಹೇಳಿದಾಗ ಮಾತ್ರ ಮಾವ ನಗಲಿಲ್ಲ. "ಇಪ್ಪತ್ತು ವರ್ಷ ತಂಗಿ ಯಾಕ ಸಿಟ್ಟಾಗ್ಯಾಳಂತ ತಿಳೀದ ಕುಂತಿದ್ನೆಪಾ" ಎಂದು ಅವ್ವನಿಗೆ ಒಂದು ಕಾಗದ ಬರೆದರು.

ಗೀರಿನ ಪೆನ್ಸಿಲಿನಿಂದ ಬಣ್ಣ ತುಂಬುವುದು ಬಂತು. ಬೇರೆಯವರು ತುಂಬಿದ ಬಣ್ಣ ಓದುವುದು ಬರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಸರ್ವೆ ನಕ್ಷೆ ಹರಡಿ, ಕಾಡಿನ ಮೇರೆ ಗುರುತಿಸಲು ಹೇಳಿದರು. ಎತ್ತರದ ಗೆರೆಗಳ ಅಂತರ ನೋಡಿ, ಹಳ್ಳ ಎಲ್ಲಿ ಹರಿದಿದೆ ಎಂದು ನೋಡಿ, ಕಾಡು ಎಲ್ಲಿರಬಹುದು ಎಂದು ಊಹಿಸಿದೆ. ಅರ್ಧ ಸರಿಯಾಯಿತು, ಅರ್ಧ ಗದ್ದೆಯ ನಡುವೆ ಹೋಯಿತು. ಪಾಸಾದೆ. ಎಂ.ಎ.ಗೆ ಸಾಲುವಷ್ಟು ಅಂಕ ಬರಲಿಲ್ಲ. ಸರ್ವೆ ಕೆಲಸದ ಅರ್ಜಿಯಲ್ಲಿ ಕಣ್ಣಿನ ವಿಷಯಕ್ಕೆ ಒಂದು ಕಾಲಂ ಇತ್ತು, ಅಲ್ಲಿಗೇ ಅರ್ಜಿ ಮಡಚಿಟ್ಟೆ. ಭದ್ರಾವತಿಯಲ್ಲೇ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಭೂಗೋಳದ್ದೇ.

ಧಾರವಾಡದಲ್ಲಿ ನನಗೆ 'ಭದ್ರಾವತಿ' ಎಂದೇ ಹೆಸರಾಗಿತ್ತು. ಮೊದಲ ವಾರ ತರಗತಿಯಲ್ಲಿ ಬಾಯಿ ತಪ್ಪಿ "ಬರ್ತೀನಿ ಮಾರಾಯ" ಅಂದಿದ್ದೆ. ನಾನು ಹುಟ್ಟಿದ ಸೀಮೆಯ ಹುಡುಗರೇ ಹೊಟ್ಟೆ ಹಿಡಿದು ನಕ್ಕರು. ಹೊಟೇಲಿನವನು ಕೂಡ "ನಿಮ್ಮ ಮಾತು ಮೈಸೂರ ಕಡೀದು ಬಿಡ್ರಿ" ಎಂದು ತೀರ್ಪು ಕೊಟ್ಟಿದ್ದ.

ಕೆಲಸಕ್ಕೆಂದು ಹಿಂದಿರುಗುವಾಗ ಬೀರೂರಿನಲ್ಲಿ ಗಾಡಿ ಬದಲಾಯಿಸಲು ಕೂತಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿದ್ದ ಮುದುಕರು ಎಲೆಯಡಿಕೆ ಮುಂದೆ ಹಿಡಿದು, "ಯಾವೂರಪ್ಪ ನಿಂದು?" ಎಂದು ಕೇಳಿದರು.

"ಭದ್ರಾವತಿ ನೋಡ್ರೀ" ಎಂದೆ.

ಅವರು ನನ್ನ ಮುಖ ನೋಡಿದರು. "ಮಾತು ಕೇಳಿದ್ರೆ ಹಂಗನ್ಸಲ್ವಲ್ಲ. ನೀನು ಧಾರವಾಡದ ಕಡೆಯವನು."

ಅಲ್ಲ ಎನ್ನಲು ಬಾಯಿ ತೆರೆದೆ. ಹೌದು ಎನ್ನುವುದೂ ಸರಿಯಾಗಿರಲಿಲ್ಲ. ಎಲೆಯಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಶಿವಮೊಗ್ಗದ ಗಾಡಿ ಬಂದಾಗ ಮುದುಕರು ಎದ್ದು, ದಾರಿ ಗೊತ್ತಿಲ್ಲದವನಿಗೆ ಹೇಳುವಂತೆ ಹೇಳಿದರು: "ಬಾರಪ್ಪ, ಇದೇ ಗಾಡಿ. ಭದ್ರಾವತಿ ಬಂದಾಗ ನಾನು ಹೇಳ್ತೀನಿ."

"ಆಗಲಿ" ಎಂದು ಅವರ ಗಂಟನ್ನೂ ಎತ್ತಿಕೊಂಡು ಹಿಂದೆ ಹತ್ತಿದೆ.