ಹುತ್ತಕ್ಕೆ ಅರಿಸಿನ ಹಚ್ಚಿದ ಉಡುಸಲಮ್ಮ

ಉಡುಸಲಮ್ಮ ಕೂತಿದ್ದನ್ನು ಕಂಡವರು ಹಿಂದೂಪುರದಲ್ಲಿ ಯಾರೂ ಇಲ್ಲ. ಪಾರ್ಕಿನ ಗೇಟು ದಾಟಿದವರಿಗೆ ಮೊದಲು ಕಾಣುತ್ತಿದ್ದದ್ದು ಅವಳ ಬೆನ್ನು, ಪೊರಕೆ ಹಿಡಿದು ದೂರ ಹೋಗುತ್ತಿರುವ ಬೆನ್ನು. ಮುದ್ದೆಯನ್ನೂ ನಿಂತೇ ನುಂಗುತ್ತಿದ್ದಳು. ಗಂಡ ಆಂಜಿನಪ್ಪ ಬೆಲ್ಲದ ಮಂಡಿಯಲ್ಲಿ ಹಮಾಲಿ. "ನಮ್ಮವಳ ಕಾಲಾಗೆ ಇರುವೆ ಗೂಡು ಕಟ್ಟೈತೆ ಕಣ್ರಪ್ಪಾ" ಎಂದು ಮೂಟೆ ಹೊರುವವರ ಮುಂದೆ ನಗುತ್ತಿದ್ದ.

ಅವಳು ಬ್ರಹ್ಮಸಮುದ್ರದ ಕಡೆಯವಳು. ಹುಟ್ಟಿದಾಗ ಊರಮ್ಮನ ಹೆಸರನ್ನೇ ಇಟ್ಟಿದ್ದರು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಗಂಡನ ಹಿಂದೆ ಈ ಊರಿಗೆ ಬಂದು ಪಾರ್ಕಿನಲ್ಲಿ ದಿನಗೂಲಿಗೆ ಸೇರಿದ್ದು ಎಪ್ಪತ್ತೆಂಟರಲ್ಲಿ. ಪಾರ್ಕೆಂದರೆ ಏನಿತ್ತು? ಸಾಲು ಕ್ರೋಟನ್ ಗಿಡ, ಕತ್ತರಿಸಿದ ಬೇಲಿ, ಒಂದು ಜಾರುಬಂಡೆ. ಹಿಂದಿನ ಮೂಲೆಯಲ್ಲಿ ಮಾತ್ರ ಅರ್ಧ ಎಕರೆ ನೆಲವನ್ನು ಯಾರೂ ಮುಟ್ಟಿರಲಿಲ್ಲ. ಕಾರೆ, ತಂಗಡಿ, ಬೋರೆ, ಮಂಡಿಯುದ್ದದ ಹುಲ್ಲು, ನಡುವೆ ಎದೆಯೆತ್ತರದ ಹುತ್ತ.

ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ ಆ ಮೂಲೆಯಿಂದ ಗೌಜಲಕ್ಕಿ ಕೂಗಿತು. ಪೊರಕೆ ನಿಂತುಹೋಯಿತು. ಚಿಕ್ಕಂದಿನಲ್ಲಿ ಸೌದೆಗೆ ಹೋದಾಗ ಕುರುಚಲು ಕಾಡಿನಲ್ಲಿ ಕೇಳುತ್ತಿದ್ದ ಅದೇ ಕೂಗು. ಆಮೇಲಿಂದ ದಿನಕ್ಕೆ ಹತ್ತು ಸಲ ಏನಾದರೊಂದು ನೆವ ಹೇಳಿ ಆ ಕಡೆ ಹೋಗಿಬರುವಳು. ವರ್ಷಕ್ಕೊಮ್ಮೆ, ಚೆಲ್ಲಿದ ಹುಣಸೆಬೀಜದ ಹಾಗೆ ಮರಿಗಳು ತಾಯಿಯ ಹಿಂದೆ ಉರುಳಿಕೊಂಡು ಹೋಗುವುದನ್ನು ನೋಡಿದ ದಿನ, ಅವಳು ಮನೆಯಲ್ಲಿ ಬೈಗುಳವಿಲ್ಲದೆ ಅಡುಗೆ ಮಾಡುತ್ತಿದ್ದಳಂತೆ.

ಎಂಬತ್ಮೂರರ ಆಷಾಢದಲ್ಲಿ ಮೇಸ್ತ್ರಿ ಜಯರಾಮಪ್ಪ ಕೂಗಿ ಕರೆದ.

"ಉಡುಸಲಮ್ಮಾ, ಸೋಮವಾರ ಕೂಲಿಯವ್ರು ಬತ್ತಾರೆ. ಆ ಮೂಲೆ ಎಲ್ಲಾ ಕ್ಲೀನು. ಲಾನ್ ಹಾಕಿ ಮಧ್ಯಕ್ಕೆ ಕಾರಂಜಿ. ಮೇಲಿಂದ ಆರ್ಡರ್ ಬಂದೈತೆ."

"ಕುಡಿಯೋ ನೀರೇ ಮೂರು ದಿನಕ್ಕೊಂದಪ ಬತ್ತದೆ. ಕಾರಂಜಿಗೆ ಎಲ್ಲಿಂದ ತತ್ತೀಯಣ್ಣಾ?"

"ಅದೆಲ್ಲಾ ನಮಗ್ಯಾಕಮ್ಮಾ?"

"ಕಾರೆ ಗಿಡದ ಬುಡದಾಗೆ ಗೌಜಲಕ್ಕಿ ಏಳು ಮೊಟ್ಟೆ ಇಕ್ಕೈತೆ."

"ಹಂಗಂತ ಆಫೀಸಿಗೆ ಕಾಗದ ಬರೀಲಾ? ಮೊಟ್ಟೆ ಅವೆ, ಕಾರಂಜಿ ಬ್ಯಾಡ ಅಂತ?"

ಸೋಮವಾರ ಅವಳು ಕೂಲಿಯವರಿಗಿಂತ ಮುಂಚೆ ಪಾರ್ಕಿಗೆ ಬಂದಳು. ಸೆರಗಿನ ಗಂಟಿನಲ್ಲಿ ಮನೆಯ ಅರಿಸಿನ, ಕುಂಕುಮ. ಹುತ್ತಕ್ಕೆ ನೀರು ಚಿಮುಕಿಸಿ ಅರಿಸಿನ ಬಳಿದಳು, ಕುಂಕುಮ ಇಟ್ಟಳು, ಎರಡು ತಂಗಡಿ ಹೂ ಸಿಕ್ಕಿಸಿದಳು. ಕೂಲಿಯವರ ಹಿರಿಯ ಪೆದ್ದಪ್ಪ ಹಾರೆ ಎತ್ತಿದವನು ಹಾಗೇ ಇಳಿಸಿದ.

"ವದ್ದು ಬಾಬೂ, ಬ್ಯಾಡ. ಮನೇಲಿ ಮಕ್ಕಳವ್ರೆ. ನಾಗಪ್ಪನ ಮೇಲೆ ನಾನು ಹಾರೆ ಹಾಕಕಿಲ್ಲ."

ಜಯರಾಮಪ್ಪ ಹುತ್ತ ನೋಡಿದ, ಉಡುಸಲಮ್ಮನನ್ನು ನೋಡಿದ. ಅವಳು ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಅವನು ಆಫೀಸಿಗೆ ಹೋಗಿ, ಹುತ್ತ ಕಡಿಯಲು ಕೂಲಿಯವರು ಒಪ್ಪುತ್ತಿಲ್ಲ ಎಂದ. ಕಾರಂಜಿ ಅಲ್ಲಿಗೆ ನಿಂತಿತು.

ಗೆದ್ದೆ ಅಂದುಕೊಂಡಳು ಪಾಪ. ಆ ಸಂತೋಷ ನಾಲ್ಕು ದಿನ.

ಶುಕ್ರವಾರ ಇಬ್ಬರು ಹೆಂಗಸರು ಹಾಲು ತಂದರು. ಮಂಗಳವಾರಕ್ಕೆ ಹನ್ನೆರಡು ಜನ. ಕೆಲವರು ಹುತ್ತದ ಬಾಯಿಗೆ ಹಾಲಿನ ಜೊತೆ ನಾಟಿಕೋಳಿ ಮೊಟ್ಟೆಯನ್ನೂ ಇಟ್ಟುಹೋದರು. ಆ ಮೊಟ್ಟೆಗೆ ಬೀದಿನಾಯಿಗಳು ಬಂದವು. ಹುತ್ತದ ಮೊಟ್ಟೆ ತಿಂದ ನಾಯಿ ಪೊದೆಯ ಬುಡವನ್ನು ಮೂಸದೆ ಹೋದೀತೆ? ಉಡುಸಲಮ್ಮ ಕಲ್ಲು ಹಿಡಿದು ಓಡಾಡಿದಳು. ಈ ಕಡೆ ಓಡಿಸಿದರೆ ಆ ಕಡೆಯಿಂದ ನುಗ್ಗುತ್ತಿದ್ದವು. ರಾತ್ರಿ ಮಲಗಿದರೂ ಅವಳ ಕಾಲುಗಳು ಚಾಪೆಯ ಮೇಲೆ ಆಡುತ್ತಿದ್ದವಂತೆ.

ಪಂಚಮಿ ಹತ್ತಿರವಾಯಿತು. ಹುಣಸೆಹಣ್ಣಿನ ವ್ಯಾಪಾರಿ ಲಿಂಗಣ್ಣನ ಹೆಂಡತಿ ಸರ್ವಮಂಗಳಮ್ಮ ಸೀರೆಗೆ ಮುಳ್ಳು ಸಿಕ್ಕಿ ಸಿಡುಕಿದರು. ಪ್ರದಕ್ಷಿಣೆಗೆ ದಾರಿ ಬೇಕೆಂದರು. ಎರಡೇ ದಿನದಲ್ಲಿ ಮಚ್ಚು ಬಂತು. ಒಂದು ಬದಿಯ ತಂಗಡಿಯೆಲ್ಲ ನೆಲಕ್ಕೆ ಬಿತ್ತು. ಮೂರನೇ ದಿನ ಎತ್ತಿನ ಗಾಡಿಯಲ್ಲಿ ಕಡಪಾ ಚಪ್ಪಡಿಗಳು ಬಂದವು. ಮುಂದಿನ ಏಟು ಕಾರೆ ಗಿಡಕ್ಕೆ.

ಉಡುಸಲಮ್ಮ ಹೋಗಿ ಆ ಗಿಡಕ್ಕೆ ಅಡ್ಡ ನಿಂತಳು.

"ಪಕ್ಕಕ್ಕೆ ಬಾರೇ," ಎಂದಳು ಮೊಟ್ಟೆ ಇಡುತ್ತಿದ್ದವರಲ್ಲಿ ಒಬ್ಬಳಾದ ಕೊಂಡಮ್ಮ. "ಅಮ್ಮನ ಹೆಸ್ರು ಇಟ್ಕೊಂಡಿದ್ದೀಯ, ಮೈಮೇಲೆ ಏನಾನ ಬಂತಾ?"

ಒಂದು ಕ್ಷಣ ಆಸೆಯಾಯಿತು. ತಲೆಗೂದಲು ಬಿಚ್ಚಿ, ಬಂತು ಎಂದುಬಿಟ್ಟರೆ ಇಷ್ಟೂ ಜನ ಅಡ್ಡಬೀಳುತ್ತಾರೆ. ಆದರೆ ಒಂದು ಸುಳ್ಳಿಗೆ ಅರ್ಧ ಮೂಲೆ ಹೋಗಿತ್ತು. ಇನ್ನೊಂದಕ್ಕೆ ಉಳಿದದ್ದೂ ಹೋದರೆ?

"ಏನೂ ಬಂದಿಲ್ಲ," ಎಂದಳು. "ಈ ಹುತ್ತಕ್ಕೆ ಅರಿಸಿನ ಹಚ್ಚಿದ್ದು ನಾನು. ಕೂಲಿಯವ್ರು ಕಡೀದೆ ಹೋಗ್ಲಿ ಅಂತ ಹಚ್ಚಿಬುಟ್ಟೆ. ಇಲ್ಲಿ ಗೌಜಲಕ್ಕಿ ಕಾವಿಗೆ ಕೂತೈತೆ ಸಾವ್ಕಾರಮ್ಮಾ. ಅದುನ್ನ ಉಳಿಸಾಕೆ ನಿಮ್ಮನ್ನ ಕರೆದಂಗಾಯ್ತು, ನೀವು ಬಂದು ಅದುಕ್ಕೇ ಕುತ್ತಾಯ್ತು."

ಮಚ್ಚಿನವನು ಮಚ್ಚು ಕೆಳಗಿಟ್ಟ. ಕೊಂಡಮ್ಮ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯಯ್ಯೋ! ದ್ಯಾವ್ರ ಹೆಸ್ರಾಗೆ ಹಿಂಗಾ ಮಾಡಾದು?"

ಸರ್ವಮಂಗಳಮ್ಮ ಬಗ್ಗಿ ಪೊದೆಯೊಳಗೆ ನೋಡಿದರು. ಒಣಹುಲ್ಲಿನ ಬಣ್ಣದ ಹಕ್ಕಿ ಅಲುಗಲಿಲ್ಲ. ಕಣ್ಣು ಮಾತ್ರ ಮಿಟುಕಿತು. ಅವರು ಎದ್ದು ಸೊಂಟ ಹಿಡಿದುಕೊಂಡರು.

"ಹುತ್ತ ನೀನು ಕಟ್ಟಿದ್ದಾ?"

"ಇಲ್ಲಮ್ಮಾ. ಗೆದ್ದಲು ಕಟ್ಟಿದ್ದು."

"ಅರಿಸಿನ?"

"ಮನೇದು. ಕುಟ್ಟಿ ಜರಡಿ ಹಿಡಿದಿದ್ದು."

"ಮತ್ತೆ? ನಮ್ಮೂರ ಹುತ್ತಕ್ಕೂ ಯಾರೋ ಮೊದ್ಲು ಹಚ್ಚಿರ್ತಾರೆ ಬಿಡು. ಆದ್ರೆ ಸುಳ್ಳು ಸುಳ್ಳೇ. ಅದಕ್ಕೆ ನಿಂಗಿದು ತಪ್ಪುಕಾಣಿಕೆ: ನಿನ್ನ ಕೆಲಸ ಇರೋವರ್ಗೂ ಇಲ್ಲಿ ನಾಯಿ ಕಾಯಬೇಕು." ಆಮೇಲೆ ಕೊಂಡಮ್ಮನ ಕಡೆ ತಿರುಗಿದರು. "ನಾಳೆಯಿಂದ ಇಲ್ಲಿ ಯಾರೂ ಮೊಟ್ಟೆ ಇಡಂಗಿಲ್ಲ. ಚಪ್ಪಡಿ ಪೊದೆಯಿಂದ ಈಚೆ ಹಾಕ್ಸಿ. ಕೈ ಮುಗಿಯಾಕೆ ಹುತ್ತದ ಮೇಲೇ ಬೀಳಬೇಕಾ? ಈ ಮಾತು ಮೇಸ್ತ್ರಿ ಕಿವಿಗೆ ಹೋಗಬಾರ್ದು. ಹೋಯ್ತೋ, ಕಾರಂಜಿ ಬಂತು ಅಂತ ತಿಳ್ಕೊಳ್ಳಿ."

ಮೊಟ್ಟೆಗಳಲ್ಲಿ ಐದು ಒಡೆದು ಮರಿಯಾದವು. ಕಡಿದ ಬದಿಯಲ್ಲಿ ತಂಗಡಿ ಮತ್ತೆ ಚಿಗುರಲು ಎರಡು ಮಳೆಗಾಲ ಬೇಕಾಯಿತು. ಆದರೆ ಉಡುಸಲಮ್ಮನ ಎದೆ ಮಾತ್ರ ನೆಲೆಗೆ ನಿಲ್ಲಲಿಲ್ಲ. ಹನ್ನೆರಡು ಹೆಂಗಸರ ಬಾಯಲ್ಲಿ ಅವಳ ಗುಟ್ಟು. ಸಂತೆಯಲ್ಲಿ ಇಬ್ಬರು ತಲೆ ಕೂಡಿಸಿ ನಕ್ಕರೂ ಅವಳಿಗೆ ಹಾರೆಯ ಸದ್ದು ಕೇಳಿದಂತಾಗುತ್ತಿತ್ತು. ಜಯರಾಮಪ್ಪ ಆ ಮೂಲೆಯ ಕಡೆ ನಡೆದರೆ ಸಾಕು, ಹಿಂದೆಯೇ ಹೋಗುವಳು. ಹೀಗೆ ಹನ್ನೊಂದು ವರ್ಷ.

ಜಯರಾಮಪ್ಪ ರಿಟೈರಾದ ದಿನ ಹೂವಿನ ಹಾರ ಹಾಕಿಸಿಕೊಂಡು ಚಪ್ಪಡಿಯ ಮೇಲೆ ಬಂದು ಕೂತ.

"ನೀನೂ ಕೂತ್ಕೋಮ್ಮಾ. ಒಂದಪನಾದ್ರೂ."

"ಕೆಲ್ಸ ಐತೆ ಬಿಡಣ್ಣ."

"ಆವತ್ತು ಸೋಮವಾರ ಕೈ ಯಾಕೆ ಸೆರಗಿನಾಗೆ ಮುಚ್ಕೊಂಡೆ? ಹತ್ತೂ ಬೆರಳು ಹಳದಿ. ನಂಗೇನು ಕಣ್ಣಿಲ್ವಾ?"

ಉಡುಸಲಮ್ಮನ ಪೊರಕೆ ನಿಂತಿತು. "ಗೊತ್ತಿದ್ದೂ ಯಾಕಣ್ಣ ಹೇಳ್ಲಿಲ್ಲ?"

"ನೀರಿಲ್ದ ಕಾರಂಜಿ ಮುಂದೆ ಹನ್ನೊಂದು ವರ್ಷ ಯಾರಮ್ಮಾ ನಿಂತ್ಕೊಂಡು ಬೈಸ್ಕೋತಾರೆ?" ಅವನು ನಕ್ಕ. "ಇನ್ನಾದ್ರೂ ನೆಮ್ಮದಿಯಾಗಿರು."

ಅವಳು ಚಪ್ಪಡಿಯ ತುದಿಗೆ ಕೂರಲು ಬಾಗಿದಳು. ಇನ್ನೇನು ಕೂತಳು ಅನ್ನುವಷ್ಟರಲ್ಲಿ ಬೇಲಿಯ ಸಂದಿಯಲ್ಲಿ ಒಂದು ಕಂದು ನಾಯಿ ತಲೆ ತೂರಿಸಿತು.

"ಥೂ, ನಿನ್ನ! ಬಂದ್ಬುಟ್ಟಾ?"

ಜಯರಾಮಪ್ಪನಿಗೆ ಮತ್ತೆ ಕಂಡದ್ದು ಅವಳ ಬೆನ್ನು.