ಆ ಕೋರ್ಸು ಬೇಡವೆಂದ ಕೆಳಗಿನ ಮನೆಯವರು

ಹೋದ ವಾರ ರೆಸಿಡೆಂಟ್ ಕಾರ್ಡ್ ನವೀಕರಿಸಲು ಮಸ್ಕತ್ತಿನ ಅಲ್ ಖುವೈರ್‌ನ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದು, ಇನ್ನೂ ಬಿಸಿಯಾಗಿದ್ದ ಹಾಳೆಗಳನ್ನು ನನ್ನ ಕೈಗಿಟ್ಟರು. ಬಿಸಿ ಕಾಗದದ ಆ ಸುಟ್ಟಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ವಾದಿ ಅದಾಯ್‌ನ ನಮ್ಮ ಹಳೆಯ ಮನೆ, ಊಟದ ಮೇಜಿನ ತುಂಬ ಹರಡಿದ್ದ ಮಗಳ ಅಂಕಪಟ್ಟಿಗಳು, ಅವುಗಳ ಮೇಲೆ ಬಗ್ಗಿ ಕೂತಿದ್ದ ಕೆಳಗಿನ ಮನೆಯವರು... ಎಲ್ಲ ಒಟ್ಟಿಗೇ ನೆನಪಾಯಿತು.

ಅವರು ಕಾರ್ಕಳದ ಕಡೆಯವರು. ಹೆಂಡತಿ ಊರಿನಲ್ಲಿ, ಇಲ್ಲಿ ಒಬ್ಬರೇ. ಮಸ್ಕತ್ತಿನ ಒಂದು ಮೆಡಿಕಲ್ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತು ವರ್ಷ ಬೇರೆಯವರ ಮಕ್ಕಳ ಅಂಕಪಟ್ಟಿಗಳನ್ನು ನೋಡಿದವರು. ಮಗಳು ಅವರನ್ನು ಅಂಕಲ್ ಎನ್ನುತ್ತಿದ್ದಳು. ಗಂಡ ಮತ್ತು ನಾನು ನಮ್ಮೊಳಗೆ ‘ಕೆಳಗಿನ ಮನೆಯವರು’ ಎನ್ನುತ್ತಿದ್ದೆವು. ವಿಜಯಪುರದವರಾದ ನಮಗೆ ಅವರ ಮಾತಿನ ಧಾಟಿ ಹೊಸದು. ಅಷ್ಟು ಮೆಲ್ಲಗೆ, ಅಷ್ಟು ನಯವಾಗಿ ಮಾತಾಡುವವರ ಮನಸ್ಸಿನಲ್ಲಿ ಬೇರೇನೋ ಇರುತ್ತದೆಂದು ನನಗೆ ಮೊದಲಿನಿಂದಲೂ ಗುಮಾನಿ.

ಮಗಳು ಅಮೆರಿಕದಲ್ಲಿ ಜೀವಶಾಸ್ತ್ರದ ಪದವಿ ಮುಗಿಸಿ ಬಂದ ಬೇಸಿಗೆ ಅದು. ಅಲ್ಲಿಯೇ ಡಾಕ್ಟರ್ ಓದಬೇಕೆಂಬುದು ಅವಳ ಆಸೆ. ಪದವಿ ಮುಗಿದ ಮೇಲೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬೇಕೆಂಬುದಷ್ಟೇ ನಮಗೆ ಗೊತ್ತಿತ್ತು. ನಡುವೆ ಪೋಸ್ಟ್-ಬ್ಯಾಕ್ ಎಂಬ ಇನ್ನೊಂದು ವರ್ಷದ ಕೋರ್ಸ್ ಇದೆಯೆಂದು ಹೇಳಿದವನು ಅಲ್ ಖುವೈರ್‌ನಲ್ಲಿ ಆಫೀಸು ಇಟ್ಟಿದ್ದ ಒಬ್ಬ ಕನ್ಸಲ್ಟೆಂಟ್. ಎರಡನೇ ವರ್ಷದಲ್ಲಿ ಇವಳ ಕೆಮಿಸ್ಟ್ರಿ ಗ್ರೇಡ್ ಬಿದ್ದಿದೆ, ಈ ಕೋರ್ಸ್ ಮಾಡದಿದ್ದರೆ ಯಾವ ಕಾಲೇಜೂ ಅರ್ಜಿ ತೆರೆದು ನೋಡುವುದಿಲ್ಲ, ತಿಂಗಳ ಕೊನೆಯೊಳಗೆ ಸೀಟು ಹಿಡಿಯಬೇಕು ಎಂದ. ಅದಕ್ಕೆ ಸೇರಿಸಿದರೆ ನಮ್ಮ ಉಳಿತಾಯವೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಓದಿಗೆ ಏನೂ ಉಳಿಯುತ್ತಿರಲಿಲ್ಲ. ಮಗಳು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಮೆಟ್ಟಿಲಿನಲ್ಲಿ ಅವಳ ಮುಖ ನೋಡಿ ವಿಚಾರಿಸಿದವರು ಕೆಳಗಿನ ಮನೆಯವರು. ಆ ಸಂಜೆಯೇ ಬಂದು ಮೇಜಿನ ಮುಂದೆ ಕೂತರು. ಹಾಳೆ ಹಾಳೆಯಾಗಿ ಪೆನ್ಸಿಲ್ ಹಿಡಿದು ನೋಡಿದರು. ನಾನು ತಂದಿಟ್ಟ ಚಹಾ ಆರಿಹೋಯಿತು.

“ಈ ಕೋರ್ಸ್ ಯಾರಿಗೆ ಬೇಕು ಹೇಳಿ ಅಕ್ಕ? ಸೈನ್ಸ್ ಓದದೆ ಬಂದವರಿಗೆ. ಇಲ್ಲದಿದ್ರೆ ಮಾರ್ಕ್ ತೀರಾ ಬಿದ್ದವರಿಗೆ. ಇವಳು ಎರಡೂ ಅಲ್ಲ. ಒಂದು ವರ್ಷ ಕಮ್ಮಿಯಾಗಿದೆ, ಆಮೇಲೆ ಪ್ರತಿ ವರ್ಷ ಏರಿದ್ದು ಉಂಟಲ್ಲ? ಅವರು ಅದನ್ನೂ ನೋಡ್ತಾರೆ. ಓದಲು ಬಾಕಿ ಇರುವುದು ಎರಡೇ ಸಬ್ಜೆಕ್ಟ್. ಅದನ್ನು ಮಾತ್ರ ಓದಿದ್ರೆ ಸಾಕು.”

“ಮತ್ತ ಅವರು ಬೇಕಽ ಬೇಕು ಅಂತಾರಲ್ರೀ?” ಎಂದೆ.

“ಅವರು ಹೇಳುವುದೂ ಬೇಡ, ನಾನು ಹೇಳುವುದೂ ಬೇಡ. ಕಾಲೇಜಿಗೇ ಬರೆದು ಕೇಳುವ. ಏನು ಮಾರಾಯ್ತಿ, ಬರೀತಿಯಾ?” ಎಂದು ಮಗಳ ಕಡೆ ತಿರುಗಿದರು.

ಹೋಗುವಾಗ ಎಲ್ಲ ಅಂಕಪಟ್ಟಿಗಳ ಒಂದೊಂದು ಜೆರಾಕ್ಸ್ ಕೇಳಿ ತೆಗೆದುಕೊಂಡರು. ಬಾಗಿಲು ಹಾಕಿದ ಮೇಲೆ ಗಂಡ ಕೇಳಿದರು. “ಅಂವಗ ಇದರಾಗ ಏನ ಸಿಗತದ? ಸುಮ್ನ ಯಾರರ ಇಷ್ಟು ಮಾಡ್ತಾರೇನು? ನಾಳೆ ತನ್ನ ಕಾಲೇಜಿಗೆ ಸೇರಸ್ರಿ ಅಂತಾನ ನೋಡು.”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಆಮೇಲೆ ಅವರು ಮಾಡಿದ್ದೆಲ್ಲದರಲ್ಲೂ ನನಗೆ ಕೊಂಕೇ ಕಂಡಿತು. ಹಣ್ಣು ತಂದುಕೊಟ್ಟರೆ, ಯಾಕೆ ಕೊಟ್ಟರು? ಎರಡು ದಿನ ಬರದಿದ್ದರೆ, ಯಾರ ಹತ್ತಿರ ಹೋಗಿದ್ದಾರೆ? ಮಗಳು ಅವರ ಜೊತೆ ಫೋನಿನಲ್ಲಿ ಮಾತಾಡುವಾಗ ಬಾಗಿಲ ಹಿಂದೆ ನಿಂತು ಕೇಳಿದ್ದೂ ಇದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಒಂದು ಶುಕ್ರವಾರ ಮಧ್ಯಾಹ್ನ ಗಂಡನೂ ನಾನೂ ಅಲ್ ಖುವೈರ್‌ನ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಗಾಜಿನ ಪಕ್ಕದ ಮೇಜಿನಲ್ಲಿ ಅವರು ಕೂತಿದ್ದರು. ಎದುರಿಗೆ ಅದೇ ಕನ್ಸಲ್ಟೆಂಟ್. ಇಬ್ಬರೂ ತಲೆ ಬಗ್ಗಿಸಿ ಏನೋ ಮಾತಾಡುತ್ತಿದ್ದರು. ನಾವು ಒಳಗೆ ಹೋಗದೆ ತಿರುಗಿ ಬಂದೆವು. ಕಾರಿನಲ್ಲಿ ಗಂಡ, “ನಾ ಹೇಳಿದ್ನಿಲ್ಲ?” ಎಂದರು, ಅಷ್ಟೇ. ಒಬ್ಬ ಹೆದರಿಸುವುದು, ಇನ್ನೊಬ್ಬ ಬೇಡ ಎಂದು ನಂಬಿಸುವುದು, ಕೊನೆಗೆ ಇಬ್ಬರೂ ಸೇರಿ ಎಲ್ಲಿಗೋ ದೂಡುವುದು... ಎಂದೇ ನಾನು ಲೆಕ್ಕ ಹಾಕಿದೆ.

ಭಾನುವಾರ ಇಲ್ಲಿ ಕೆಲಸದ ದಿನ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಲೈಬ್ರರಿಯಿಂದ ಅವರ ಕಾಲೇಜಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಲಿಲ್ಲ. ನಿಮ್ಮ ಪ್ರವೇಶ ವಿಭಾಗದ ಇಂಥ ಗುಮಾಸ್ತರು ಹೊರಗಿನ ಮಕ್ಕಳ ಅಂಕಪಟ್ಟಿ ಮನೆಗೆ ಒಯ್ಯುತ್ತಾರೆ, ಏಜೆಂಟರನ್ನು ಭೇಟಿಯಾಗುತ್ತಾರೆ, ಕಮಿಷನ್ ಇರಬೇಕು, ವಿಚಾರಿಸಿ ಎಂದೆ. ಆ ಕಡೆಯ ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಂಡಳು. ಫೋನ್ ಇಟ್ಟಾಗ ಮಗಳನ್ನು ಕಾಪಾಡಿದೆ ಎಂದೇ ಅನಿಸಿತು.

ಅದೇ ವಾರದ ಕೊನೆಗೆ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಅಮೆರಿಕದ ಕಾಲೇಜುಗಳಿಗೆ ಅವಳು ಬರೆದ ಪತ್ರಗಳಿಗೆ ಉತ್ತರ ಬಂದಿತ್ತು. ಪತ್ರ ಹೇಗಿರಬೇಕು, ಏನು ಕೇಳಬೇಕು ಎಂದು ತಿದ್ದಿಕೊಟ್ಟವರು ಕೆಳಗಿನ ಮನೆಯವರು. ಆ ಜೆರಾಕ್ಸ್ ಪ್ರತಿಗಳನ್ನು ಅವರು ಬಳಸಿದ್ದು ಅದಕ್ಕೇ. ಒಂದು ಕಾಲೇಜು ಹೊರದೇಶದವರನ್ನು ತೆಗೆದುಕೊಳ್ಳುವುದೇ ಇಲ್ಲ ಎಂದಿತ್ತು. ಉಳಿದ ಎರಡು ಕಾಲೇಜುಗಳು, ಆ ಕೋರ್ಸ್ ಕಡ್ಡಾಯವಲ್ಲ, ಬಾಕಿ ಇರುವ ಎರಡು ವಿಷಯ ಮುಗಿಸಿ ಅರ್ಜಿ ಹಾಕಬಹುದು ಎಂದಿದ್ದವು.

“ಮತ್ತ ಆ ಕನ್ಸಲ್ಟೆಂಟ್ ಜೋಡಿ ಹೋಟೆಲಿನ್ಯಾಗ ಏನ ಮಾಡ್ತಿದ್ರು ನಿನ್ನ ಅಂಕಲ್?” ಎಂದೆ.

“ಅಮ್ಮಾ, ಅವನೇ ಕರೆದಿದ್ದ. ಸ್ಟೂಡೆಂಟ್ಸ್‌ನ ನನ್ನ ಹತ್ರ ಕಳಿಸು, ನಿನಗೂ ಪರ್ಸೆಂಟೇಜ್ ಕೊಡ್ತೀನಿ ಅಂದನಂತೆ. ಅಂಕಲ್ ನೋ ಅಂದ್ರು. ಯಾಕೆ, ನಿಮಗೆ ಹೇಗೆ ಗೊತ್ತು?”

ನಾನು ಅಡುಗೆಮನೆಗೆ ಹೋದೆ. ಮತ್ತೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಎನ್ನಬಹುದಿತ್ತು. ನಂಬರನ್ನು ಅರ್ಧ ಒತ್ತಿ ಬಿಟ್ಟೆ. ಯಾರೆಂದು ಕೇಳಿದರೆ ಏನು ಹೇಳಲಿ... ಒಂದು ಫೋನ್ ಕರೆಗೆ ಯಾರು ತಾನೇ ಕಿವಿಗೊಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಕಿವಿಗೊಟ್ಟಿದ್ದರು. ಕೆಳಗಿನ ಮನೆಯವರನ್ನು ಮೊದಲು ಹಳೆಯ ಕಡತಗಳ ಕೋಣೆಗೆ ಹಾಕಿದರು. ವರ್ಷದ ಕೊನೆಗೆ ಕರಾರು ಮುಂದುವರಿಸಲಿಲ್ಲ. ಸಾಮಾನು ಸಾಗಿಸುವ ದಿನ ಮೆಟ್ಟಿಲಿನಲ್ಲಿ ಸಿಕ್ಕರು. ಮಸ್ಕತ್ತಿನಿಂದ ದೂರದ ರುಸ್ತಾಕ್ ಎಂಬ ಊರಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿದೆ ಎಂದರು.

“ಯಾಕ್ರೀ, ಏನಾತು ಅಲ್ಲೆ?” ಎಂದೆ. ಕೇಳದಿದ್ದರೆ ಅನುಮಾನ ಬಂದೀತೆಂದು ಕೇಳಿದೆ.

“ಯಾರೋ ಫೋನ್ ಮಾಡಿದ್ರಂತೆ ಅಕ್ಕ. ಹೆಂಗಸಿನ ಸ್ವರ ಅಂತೆ.” ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ಹೋಗ್ಲಿ, ಖಲಾಸ್. ಮಗಳು ಆ ಬಾಕಿ ಫಿಸಿಕ್ಸ್ ಲ್ಯಾಬ್ ಬಿಡದ ಹಾಗೆ ನೋಡ್ಕೊಳ್ಳಿ.”

ನನ್ನ ಮುಖವನ್ನು ನೋಡಿದರೋ, ನನ್ನ ಹಿಂದಿನ ಗೋಡೆಯನ್ನು ನೋಡಿದರೋ ಗೊತ್ತಾಗಲಿಲ್ಲ. ಅಂದಿನಿಂದ ನನ್ನ ಗುಮಾನಿಯ ದಿಕ್ಕು ಬದಲಾಯಿತು. ಅವರಿಗೆ ಗೊತ್ತಿದೆಯೇ? ಮಗಳಿಗೆ ಹೇಳಿದ್ದಾರೆಯೇ? ಹಬ್ಬಕ್ಕೆ ಅವರಿಂದ ಮೆಸೇಜು ಬಂದರೆ ಅದರಲ್ಲೂ ಚುಚ್ಚುವ ಮಾತಿದೆಯೇ ಎಂದು ಹುಡುಕುತ್ತಿದ್ದೆ.

ಮೊದಲ ಸಲದ ಅರ್ಜಿಗಳೆಲ್ಲ ತಿರಸ್ಕೃತವಾದವು. ಆಗ ಗಂಡ, “ಅಂವನ ಮಾತು ಕೇಳಿ ಕೆಟ್ವಿ,” ಎಂದರು. ನಾನೂ ಒಂದು ಗಳಿಗೆ ಹಾಗೆಯೇ ಅಂದುಕೊಂಡೆ. ನನ್ನ ತಪ್ಪು ಹಗುರಾಯಿತೆಂದು ಸಂತೋಷವೂ ಆಯಿತು. ಮಗಳು ರುಸ್ತಾಕ್‌ಗೆ ಹೋಗಿ ಒಂದು ಇಡೀ ದಿನ ಅವರ ಜೊತೆ ಕೂತು ಅರ್ಜಿಯನ್ನು ಮತ್ತೆ ಬರೆದುಕೊಂಡು ಬಂದಳು. ಮರುವರ್ಷ ಒಂದು ಕಾಲೇಜಿನಿಂದ ಕರೆ ಬಂತು. ಈಗ ಅಲ್ಲಿ ಮೂರನೇ ವರ್ಷ ಓದುತ್ತಿದ್ದಾಳೆ.

ಟೈಪಿಂಗ್ ಸೆಂಟರಿನಿಂದ ಬಂದವಳು ಆ ಸಂಜೆಯೇ ಅವರಿಗೆ ಫೋನ್ ಮಾಡಿದೆ. ಹೇಳಿಬಿಡಬೇಕು ಎಂದುಕೊಂಡಿದ್ದೆ. ಎತ್ತಿದವರು ಕಾರ್ಕಳದಲ್ಲಿದ್ದ ಅವರ ಹೆಂಡತಿ. ಎದೆನೋವು ಬಂದು ಅವರು ತೀರಿಹೋಗಿ ಆಗಲೇ ಎರಡು ತಿಂಗಳಾಗಿತ್ತಂತೆ. ನಾನು ಯಾರೆಂದು ಹೇಳಿದಾಗ, “ಓ, ಡಾಕ್ಟರ್ ಹುಡುಗಿಯ ಅಮ್ಮನಾ? ಅವರು ನಿಮ್ಮ ಮಗಳ ಸುದ್ದಿ ಹೇಳದ ದಿನ ಇರಲಿಲ್ಲ,” ಎಂದರು.

ಮಗಳಿಗೆ ಫೋನ್ ಮಾಡಿದೆ. ಸಾವಿನ ಸುದ್ದಿ ಅವಳಿಗೆ ಮೊದಲೇ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಆ ಭಾನುವಾರದ ಫೋನ್ ಕರೆಯ ಬಗ್ಗೆ ಒಂದೇ ಉಸಿರಿನಲ್ಲಿ ಹೇಳಿದೆ.

“ಅವರಿಗೆ ಗೊತ್ತಿತ್ತು ಅಮ್ಮಾ,” ಎಂದಳು. “ರುಸ್ತಾಕ್‌ಗೆ ಹೋದಾಗ ನನಗೆ ಹೇಳಿದ್ರು. ಆ ಜೆರಾಕ್ಸ್ ವಿಷಯ ನಮ್ಮನೆ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ವಲ್ಲ. ಅಮ್ಮನ ಹತ್ರ ಕೇಳ್ಬೇಡ, ನಿನಗೋಸ್ಕರ ಹೆದರಿ ಮಾಡಿದ್ದು ಅಂದ್ರು. ನೀವೇ ಹೇಳ್ತೀರಿ ಅಂತ ನಾನು ಕಾಯ್ತಾ ಇದ್ದೆ.”

ಕಾಯುತ್ತಿದ್ದವರು ಇಬ್ಬರು. ಹೇಳುವಷ್ಟು ಧೈರ್ಯ ನನಗೆ ಬರುವ ಹೊತ್ತಿಗೆ ಒಬ್ಬರು ಉಳಿದಿರಲಿಲ್ಲ.