ಷಡ್ಡಕರ ಪೋಕರ್ ಸವಾಲು

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಹಂಸಭಾವಿಯವರು. ಬೀಜದ ಕಂಪನಿಯೊಂದರಲ್ಲಿ ಮಾರಾಟದ ಕೆಲಸ. ಗೋವಿನಜೋಳದ ಬೀಜವನ್ನು ಗುರಿ ಮೀರಿ ಮಾರಿದ್ದಕ್ಕೆ ಕಂಪನಿ ಅವರನ್ನು ಗೋವಾ ಪ್ರವಾಸಕ್ಕೆ ಕಳಿಸಿತ್ತು. ಗೋವಾಕ್ಕೆ ಹೋದವರು ಗೋಡಂಬಿ ತರುತ್ತಾರೆ. ಇವರು ಪೋಕರ್ ತಂದರು.

ಅಲ್ಲಿಯ ಜೂಜಿನ ಹಡಗಿನಲ್ಲಿ ಅವರು ಕೂತು ಆಡಿದರೋ, ಆಡುವವರ ಬೆನ್ನ ಹಿಂದೆ ನಿಂತು ನೋಡಿದರೋ ಎಂಬುದು ನಮ್ಮ ಕುಟುಂಬದಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ಮರಳಿ ಬಂದಾಗ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಯಾರೇ ಮಾತಾಡಿದರೂ ಒಂದು ಗಳಿಗೆ ಸುಮ್ಮನಿದ್ದು, ಅವರ ಮುಖವನ್ನು ಓದಿ, ಆಮೇಲೆ ಉತ್ತರ ಕೊಡುವ ಅಭ್ಯಾಸ ಹತ್ತಿತ್ತು. ಚಹಾ ಬೇಕೇ ಎಂದು ಕೇಳಿದರೂ ಅಷ್ಟೇ.

ದೀಪಾವಳಿಗೆ ಹಿರೇಬೆಂಡಿಗೇರಿಯ ಮಾವನವರ ಮನೆಯಲ್ಲಿ ಎಲ್ಲರೂ ಸೇರಿದಾಗ ಷಡ್ಡಕರು ಗಂಡಸರನ್ನೆಲ್ಲ ಮಾಳಿಗೆಗೆ ಕರೆದು ಆಟ ಕಲಿಸಿದರು. ಆಟ ಸರಳವೇ. ಪ್ರತಿಯೊಬ್ಬರ ಕೈಯಲ್ಲಿ ಎರಡೆರಡು ಎಲೆ, ಅವು ಗುಟ್ಟು. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ. ಎಲ್ಲ ಸೇರಿಸಿ ಯಾರ ಜೋಡಣೆ ದೊಡ್ಡದೋ ಅವರು ಗೆದ್ದಂತೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಮುಖ ಗಟ್ಟಿ ಮಾಡಿಕೊಂಡು ದೊಡ್ಡ ಪಣ ಒಡ್ಡಿ, ಎದುರಿನವನು ಹೆದರಿ ಎಲೆ ಒಗೆಯುವಂತೆ ಮಾಡಿದರೂ ಗೆದ್ದಂತೆಯೇ. ಇದಕ್ಕೆ ಬ್ಲಫ್ ಎನ್ನುತ್ತಾರೆ. ಬೀಜ ಮಾರುವವರಿಗೆ ಆಟದ ಈ ಭಾಗ ಬೇಗ ಅರ್ಥವಾಗಿತ್ತು.

ಪಣಕ್ಕೆ ದುಡ್ಡು ಇಟ್ಟರೆ ಅತ್ತೆಯವರು ಬೈಯುತ್ತಾರೆ. ಆದ್ದರಿಂದ ಷಡ್ಡಕರು ಕಂಪನಿಯ ಸ್ಯಾಂಪಲ್ ಪಾಕೀಟು ಒಡೆದು, ಗುಲಾಬಿ ಬಣ್ಣದ ಔಷಧ ಹಚ್ಚಿದ ಗೋವಿನಜೋಳದ ಕಾಳು ಹಂಚಿದರು. ಅತ್ತೆಯವರು ಆಗಲೂ ಬೈದರು.

“ವಿಷಾ ಹಚ್ಚಿದ ಕಾಳ ಅವು. ಸಾಬೂನ ಹಚ್ಚಿ ಕೈ ತೊಳಕೊಂಡ ಬಂದವರಿಗಷ್ಟ ಹೋಳಿಗಿ.”

ಅವತ್ತು ನಾನು ಗೆದ್ದೆ. ಹಾನಗಲ್ಲಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡಿರುವ ನನಗೆ ಹಿಂದೆ ರಮ್ಮಿ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಏನಿದೆ ಎಂಬುದು ನನಗೇ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ನನ್ನ ಮುಖ ಓದಿದ ಷಡ್ಡಕರಿಗೂ ಗೊತ್ತಾಗಲಿಲ್ಲ.

ಹಬ್ಬ ಮುಗಿದು ಎಲ್ಲರೂ ಅವರವರ ಊರು ಸೇರಿದ ಮೇಲೆ ಕುಟುಂಬದ ವಾಟ್ಸಾಪ್ ಗುಂಪಿಗೆ ಷಡ್ಡಕರ ಧ್ವನಿ ಬಂತು. ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನೂ ಇತ್ತು.

“ತಮ್ಮಾ, ಅವತ್ತಿಂದು ನಸೀಬದ ಆಟ. ಮಂದಿ ಕೂಡಿ ಆಡಿದ್ರ ಯಾರರ ಗೆಲ್ತಾರ. ಒಬ್ಬಂಗ ಒಬ್ಬ ಕುಂತಾಗ ತಾಕತ್ತು ಗೊತ್ತಾಗೋದು. ನಾ ಸವಾಲ ಹಾಕೇನಿ. ಬರೂ ರವಿವಾರ, ಹಿರೇಬೆಂಡಿಗೇರ್ಯಾಗ, ನೀನೂ ನಾನೂ ಅಷ್ಟ. ಧೈರ್ಯ ಇದ್ರ ಹೂಂ ಅನ್ನು.”

ಅದರ ಕೆಳಗೆ ಸವಣೂರಿನ ಹಿರಿಯ ಸೋದರತ್ತೆಯೊಬ್ಬರು ಕೈ ಮುಗಿದ ಚಿತ್ರ ಹಾಕಿದರು. ಅದು ನನಗಾಗಿ ಮಾಡಿದ ಪ್ರಾರ್ಥನೆಯೋ, ಅವರು ದಿನಾ ಹಾಕುವ ಶುಭೋದಯವೋ ತಿಳಿಯಲಿಲ್ಲ.

ನಾನು ಸುಟ್ಟ ಮೋಟಾರೊಂದನ್ನು ಮುಂದಿಟ್ಟುಕೊಂಡು ವಿಚಾರಕ್ಕೆ ಕೂತೆ. ಒಲ್ಲೆ ಎಂದರೆ ಮುಂದಿನ ಎಲ್ಲ ಮದುವೆ, ಮುಂಜಿಗಳಲ್ಲಿ ಊಟದ ಸಾಲಿನುದ್ದಕ್ಕೂ ನನ್ನ ಹೇಡಿತನದ ಕಥೆ ನಡೆಯುತ್ತದೆ. ಗೆದ್ದರೆ ಮತ್ತೆ ನಸೀಬು ಎನ್ನುತ್ತಾರೆ, ಮತ್ತೊಂದು ಸವಾಲು ಹಾಕುತ್ತಾರೆ. ಸೋತರೆ ಅದರ ವಿವರಣೆ ಕೇಳಬೇಕು. ಷಡ್ಡಕರು ವಿವರಿಸಲು ಶುರು ಮಾಡಿದರೆ ಹಿರೇಕೆರೂರಿನಿಂದ ಹಾನಗಲ್ಲಿಗೆ ಬಸ್ಸು ಬಂದು ಮುಟ್ಟಿದರೂ ಮುಗಿಯುವುದಿಲ್ಲ. ಯಾವ ದಾರಿ ಹಿಡಿದರೂ ತುದಿಯಲ್ಲಿ ಷಡ್ಡಕರೇ ನಿಂತಿದ್ದರು.

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹೋಗ್ರಿ, ಆಡ್ರಿ, ಸೋತ ಬರ್ರಿ.”

“ಸೋಲಾಕ ಅಲ್ಲೀತನಾ ಯಾಕ ಹೋಗ್ಬೇಕ?”

“ಹೊಸ ಮನಿ ವಾಸ್ತುಶಾಂತಿ ಐತಿ ನಮ್ಮದು. ಹೋದ ವರ್ಷ ಯಾವ ಮಾವಿನ ಹಣ್ಣು ಛಲೋ ಅನ್ನೂ ವಾದದಾಗ ನೀವು ಗೆದ್ರಿ. ಅವರು ಸಿಟ್ಟಾಗಿ ನಮ್ಮ ಹುಡುಗಿ ಹೆಸರಿಡೂದಕ್ಕ ಬರ್ಲಿಲ್ಲ, ಅಕ್ಕಗೂ ಬರಾಕ ಬಿಡ್ಲಿಲ್ಲ. ಈ ಸಲ ನಮ್ಮಕ್ಕ ಬರ್ಬೇಕು. ನೀವು ಸೋಲ್ರಿ.”

ಇದು ಸ್ಪಷ್ಟವಾದ ಆಜ್ಞೆ. ಪಾಲಿಸುವುದು ಸುಲಭ, ಸೋಲಲು ನನಗೆ ವಿಶೇಷ ತಯಾರಿಯೂ ಬೇಕಿರಲಿಲ್ಲ. ಆದರೆ ಮರುದಿನ ಅಂಗಡಿಯಲ್ಲಿದ್ದಾಗ ಆ ಅಕ್ಕನೇ ಫೋನು ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಹೂಂ ಅನ್ರಿ. ಕೈ ಮುಗಿತೇನಿ, ಹೂಂ ಅಂದು ಅವರ್ನ ಸೋಲಸ್ರಿ.”

“ಯಾಕ್ರೀ ಅಕ್ಕಾರ, ಏನಾತು?”

“ಊಟಕ್ಕ ಕುಂತಾಗೂ ಕರೇ ಚಷ್ಮಾ. ಪಲ್ಯಾ ಹೆಂಗಾಗೇತ್ರಿ ಅಂತ ಕೇಳಿದ್ರ ಮುಖಾ ಕಲ್ಲ ಮಾಡ್ಕೊಂಡ ಕೂಡ್ತಾರ. ಪ್ರ್ಯಾಕ್ಟೀಸಂತ. ಉಪ್ಪು ಹೆಚ್ಚಾದ್ರೂ ತಿಳಿವಲ್ದು, ಕಡಿಮಿ ಆದ್ರೂ ತಿಳಿವಲ್ದು. ಒಮ್ಮಿ ಸೋತ್ರ ಈ ಹುಚ್ಚು ಬಿಡತೈತಿ.”

ಹೀಗೆ ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು ನನಗೆ ಒಂದೇ ಆಟದಲ್ಲಿ ಸೋಲಲೂ ಗೆಲ್ಲಲೂ ಹೇಳಿದರು. ನಾನು ಗುಂಪಿನಲ್ಲಿ ‘ವಿಚಾರ ಮಾಡಿ ಹೇಳುತ್ತೇನೆ’ ಎಂದು ಬರೆದೆ. ‘ವಿಚಾರ ಮಾಡುವವರು ಪೋಕರ್ ಆಡುವುದಿಲ್ಲ’ ಎಂದು ಷಡ್ಡಕರು ಉತ್ತರ ಬರೆದರು. ಪೋಕರ್ ವಿಚಾರವಂತರ ಆಟ ಎಂದು ದೀಪಾವಳಿಯಲ್ಲಿ ಹೇಳಿದವರೂ ಅವರೇ.

ಶನಿವಾರ ಅವರೇ ಅಂಗಡಿಗೆ ಬಂದುಬಿಟ್ಟರು. ಡೀಲರುಗಳನ್ನು ಕಾಣಲು ಈ ಕಡೆ ಬಂದಿದ್ದೆ ಎಂದರು. ಸ್ಟೂಲಿನ ಮೇಲೆ ಕೂತು, ಚಹಾ ಕುಡಿದು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಬಹಳ ದಿನಗಳ ಮೇಲೆ ಅವರ ಕಣ್ಣು ನೋಡಿದೆ. ನಿದ್ದೆಗೆಟ್ಟ, ಸಾಧಾರಣ ಕಣ್ಣುಗಳು.

“ಬರ್ತೀಯಲ್ಲಾ?” ಎಂದರು.

ನಾನು ಮುಂದಿದ್ದ ಮೋಟಾರಿನ ಸ್ಕ್ರೂ ಬಿಚ್ಚತೊಡಗಿದೆ.

“ಹಿರೇಕೆರೂರಾಗ ಡೀಲರುಗಳಿಗೆ ಕೇಳ್ದೆ, ಸವಣೂರಾಗೂ ಕೇಳ್ದೆ. ಎಲ್ಲಾರೂ ನಗ್ತಾರ. ಮೂರೆಲಿ ಆಡೂಣ ಬರ್ರಿ ಅಂತಾರ. ಈ ಆಟಕ್ಕ ಒಬ್ರೂ ಕೂಡವಲ್ರು. ನೀ ಒಬ್ಬನ ತಮ್ಮಾ, ನನ್ನ ಮುಂದ ಕುಂತು ಕೊನೀತನಾ ಆಡಿದಂವ.”

ಸವಾಲು ಹಾಕಿದವರು ಹೀಗೆ ಮಾತಾಡಬಾರದು. ಬೈಯಲು ಬಂದವರಿಗೆ ಇಲ್ಲ ಎನ್ನಬಹುದು, ಬೇಡಲು ಬಂದವರಿಗೆ ಹೇಗೆ ಎನ್ನುವುದು? “ಬರ್ತೇನಿ ಅಣ್ಣಾರ” ಎಂದೆ. ಕೂಡಲೇ ಕನ್ನಡಕ ಮೂಗಿನ ಮೇಲೆ ಏರಿತು. “ತಯಾರಾಗಿ ಬಾ ಮತ್ತ, ಆಮ್ಯಾಲ ಅಳಬ್ಯಾಡ” ಎಂದು ಹೇಳಿ ಹೋದರು. ಕನಿಕರ ಪಟ್ಟಿದ್ದಕ್ಕೆ ಅಲ್ಲೇ ಪಶ್ಚಾತ್ತಾಪವಾಯಿತು.

ರವಿವಾರ ಎರಡೂ ಸಂಸಾರಗಳು ಹಿರೇಬೆಂಡಿಗೇರಿಗೆ ಬಂದವು. ಊಟಕ್ಕೆ ಮೊದಲು ಮಾಳಿಗೆಯಲ್ಲಿ ಚಾಪೆ ಹಾಸಿ ಇಬ್ಬರೂ ಎದುರುಬದುರು ಕೂತೆವು. ನನ್ನ ಬೆನ್ನ ಹಿಂದಿನ ಹೊರಸಿನ ಮೇಲೆ ಮಾವನವರು ಮುಖಕ್ಕೆ ಟಾವೆಲ್ ಹಾಕಿಕೊಂಡು ಮಲಗಿದ್ದರು.

ಆಡುತ್ತ ಆಡುತ್ತ ನನಗೊಂದು ಸಂಗತಿ ಹೊಳೆಯಿತು. ಕೈಯಲ್ಲಿ ಏನೂ ಇಲ್ಲದಾಗ ಷಡ್ಡಕರು ಕನ್ನಡಕವನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ. ಮುಖ ಮುಚ್ಚಲೆಂದು ಕೊಂಡ ಕನ್ನಡಕವೇ ಎಲ್ಲ ಹೇಳಿಬಿಡುತ್ತಿತ್ತು. ಅವರಿಗೆ ಕನ್ನಡಕ ಮಾರಿದವನು ಇದನ್ನು ಹೇಳಿರಲಿಕ್ಕಿಲ್ಲ.

ಕೊನೆಗೆ ಇಸ್ಪೀಟಿನ ರಾಜನೂ ಕಳಾವರ ರಾಜನೂ ನನ್ನ ಕೈಗೆ ಬಂದರು. ಚಾಪೆಯ ಮೇಲಿನ ಎಲೆಗಳೆಲ್ಲ ಸಣ್ಣಪುಟ್ಟವು. ಷಡ್ಡಕರು ನನ್ನನ್ನು ದಿಟ್ಟಿಸಿ, ತಮ್ಮ ಮುಂದಿನ ಗುಲಾಬಿ ಕಾಳನ್ನೆಲ್ಲ ಅಂಗೈಯಿಂದ ನಡುವೆ ತಳ್ಳಿ “ಆಲ್ ಇನ್” ಎಂದರು. ಆಮೇಲೆ ಕನ್ನಡಕ ಸರಿಸಿಕೊಂಡರು.

ನಾನು ಹೂಂ ಎಂದರೆ ಅವರು ಸೋತು ಆಟ ಅಲ್ಲಿಗೇ ಮುಗಿಯುತ್ತಿತ್ತು. ಕೆಳಗಿನಿಂದ ಹೆಂಡತಿಯ ನಗು ಕೇಳಿಸುತ್ತಿತ್ತು, ಅಕ್ಕನ ಜೊತೆ ಏನೋ ಮಾತು. ಎದುರಿಗೆ ಷಡ್ಡಕರು ಮತ್ತೊಮ್ಮೆ ಕನ್ನಡಕ ಸರಿಸಿಕೊಂಡರು. ಸಾಕೆನಿಸಿತು. ಇಬ್ಬರೂ ರಾಜರನ್ನು ಬೋರಲು ಮಾಡಿ ಕಟ್ಟಿನೊಳಗೆ ಸೇರಿಸಿದೆ. 

ಷಡ್ಡಕರು ತಮ್ಮ ಎಲೆ ತಿರುಗಿಸಿ ತೋರಿಸಿದರು. ಎರಡು ಮತ್ತು ಏಳು. ನನ್ನ ಉಳಿದ ಕಾಳು ಆಮೇಲೆ ತಾವಾಗಿಯೇ ಹೋದವು. “ಏನೂ ಇದ್ದಿಲ್ಲೋ! ಏನೂ ಇದ್ದಿಲ್ಲ!” ಎಂದು ಮೆಟ್ಟಿಲಿಳಿಯುತ್ತಲೇ ಕೂಗಿದರು. ತನ್ನ ಹತ್ತಿರ ಏನೂ ಇಲ್ಲ ಎಂದು ಇಷ್ಟು ಸಂಭ್ರಮದಿಂದ ಸಾರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಊಟದಲ್ಲಿ ಅಕ್ಕನವರು ಎಲ್ಲರ ತಟ್ಟೆಗೂ ತುಪ್ಪ ಬಡಿಸಿದರು. ನನ್ನ ತಟ್ಟೆಯ ಮೇಲೆ ಚಮಚ ನಿಲ್ಲದೆ ಮುಂದೆ ಹೋಯಿತು. ಹೆಂಡತಿಯಾದರೂ ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಕೈ ತೊಳೆಯುವಾಗ ಹತ್ತಿರ ಬಂದು ಪಿಸುಗುಟ್ಟಿದಳು.

“ಎರಡು, ಏಳಕ್ಕ ಅಂಜಿದ್ರೇನ್ರಿ? ಖರೇವಂದ್ರ ಸೋತ್ರಿ?”

“ನೀನ ಅಲ್ಲಾ ಸೋಲಂದಾಕಿ? ನನ್ನ ಕೈಯಾಗ ಎರಡು ರಾಜಾ ಇದ್ವು.”

“ಹೌದ್ ಹೌದ್” ಎಂದಳು, ಮಕ್ಕಳು ಸುಳ್ಳು ಹೇಳಿದಾಗ ಹೇಳುವ ಧಾಟಿಯಲ್ಲಿ.

ನನ್ನ ಮಾತಿಗೆ ಸಾಕ್ಷಿ ಇಲ್ಲ ಎಂದುಕೊಂಡಿದ್ದೆ. ಆದರೆ ಹೊರಡುವಾಗ ಮಾವನವರು ಬಾಗಿಲ ತನಕ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಟಾವೆಲ್ಲಿನ ಸಂದಿಯಿಂದ ಎಲ್ಲ ನೋಡಿದ್ದರಂತೆ.

“ಅಳಿಯಾರ, ಎರಡು ರಾಜಾ ಕೈಯಾಗಿಟ್ಕೊಂಡು ಒಗದ್ರಲ್ರೀ. ನಿಮಗ ಆಟ ತಿಳ್ಯಂಗಿಲ್ಲ ಬಿಡ್ರಿ. ದೊಡ್ಡ ಅಳಿಯಾರು ಅಂದ್ರ ಅವರು, ಏನೂ ಇಲ್ಲದ ಗೆದ್ರು.”

ಷಡ್ಡಕರು ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಅಕ್ಕನನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲು ಬಂದರು, ಎಲ್ಲರಿಗಿಂತ ಕೊನೆಗೆ ಹೋದರು. ಅಷ್ಟರ ಮಟ್ಟಿಗೆ ಹೆಂಡತಿಯ ಲೆಕ್ಕ ಸರಿಯಿತ್ತು. ಈಗ ಬೇರೆ ಯಾರಿಗೂ ಸವಾಲು ಹಾಕುವುದಿಲ್ಲ, ನನ್ನನ್ನು ತಿದ್ದುವ ಹೊಣೆ ಹೊತ್ತುಕೊಂಡಿದ್ದಾರೆ. ಬಸ್ಸಿನಲ್ಲಿ ಕೂತಾಗಲೆಲ್ಲ ಫೋನು ಮಾಡುತ್ತಾರೆ. “ನೀ ಭಾಳ ಅಂಜತೀ ತಮ್ಮಾ, ಅದೊಂದು ಬಿಟ್ರ ಹುಡುಗ ಛಲೋ ಅದಿ” ಎಂದು ಪಾಠ ಶುರುವಾಗುತ್ತದೆ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಮೋಟಾರಿಗೆ ತಂತಿ ಸುತ್ತುತ್ತ ನಡುನಡುವೆ “ಹೂಂರಿ ಅಣ್ಣಾರ” ಎನ್ನುತ್ತಿರುತ್ತೇನೆ.